ಮಾತಿನ ಬೆಲೆಯನ್ನು ತೆರುವವರು ಯಾರು?

(ಮನೆಯಲ್ಲಿಯೂ ಕೂಟದಲ್ಲಿಯೂ ಓದಿ ವಿಚಾರಿಸತಕ್ಕ ಪಾಠ)



ಹೊಲದ ಕೆಲಸ ತೀರಿ ದೀಪ ಹಚ್ಚುವ ಹೊತ್ತಿಗೆ ನಮ್ಮ ಹಳ್ಳಿಗಳ ಕಟ್ಟೆಯ ಮೇಲೆ ನಡೆಯುವ ಮಾತುಕತೆಯನ್ನು ನೀವೆಲ್ಲರೂ ಬಲ್ಲಿರಿ. ಒಬ್ಬನು ನೆರೆಮನೆಯವನ ಮಗಳ ಮದುವೆ ಹೇಗೆ ನಡೆಯತಕ್ಕದ್ದೆಂದು ತೀರ್ಪು ಹೇಳುವನು. ಇನ್ನೊಬ್ಬನು ಎಷ್ಟು ಸಾಲ ತೆಗೆದರೆ ತೊಂದರೆಯಿಲ್ಲವೆಂದು ಬುದ್ಧಿ ಕಲಿಸುವನು. ಮೂರನೆಯವನು ದಿಲ್ಲಿಯ ಮಂತ್ರಿಗಳು ಏನು ಮಾಡಬೇಕಾಗಿತ್ತೆಂದು ವಿವರಿಸುವನು. ಮಾತಿಗೆ ಸುಂಕವಿಲ್ಲವಾದ ಕಾರಣ ಎಲ್ಲರೂ ಧಾರಾಳವಾಗಿ ಆಡುತ್ತಾರೆ. ಕಟ್ಟೆಯ ಮಾತು ಮುಗಿದ ಮೇಲೆ ಆಡಿದವನು ಮನೆಗೆ ಹೋಗಿ ಸುಖವಾಗಿ ನಿದ್ರೆ ಮಾಡುತ್ತಾನೆ. ಆದರೆ ಆ ಮಾತಿನ ಪ್ರಕಾರ ನಡೆದವನು ನಿದ್ರೆ ಮಾಡುತ್ತಾನೋ?

ಅಭಿಪ್ರಾಯವಿರುವದು ತಪ್ಪಲ್ಲ. ಆಲೋಚಿಸುವ ಮನುಷ್ಯನಿಗೆ ಅಭಿಪ್ರಾಯವಿರಲೇಬೇಕು. ಆದರೆ ಯಾವ ಅಭಿಪ್ರಾಯವನ್ನಾದರೂ ಹಿಡಿದುಕೊಳ್ಳುವ ಮೊದಲು ನಮ್ಮನ್ನು ನಾವೇ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಮೊದಲನೆಯದು: ಈ ಮಾತು ತಪ್ಪಾದರೆ ನಷ್ಟವನ್ನು ಹೊರುವವರು ಯಾರು? ಎರಡನೆಯದು: ಅವರನ್ನು ನಾವು ಕೇಳಿದೆವೋ? ಈ ಪ್ರಶ್ನೆಗಳನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ, ನಮ್ಮ ತಪ್ಪಿನಿಂದ ಕಲಿತೆವು. ಅದನ್ನು ಮುಂದೆ ತಿಳಿಸುವೆವು. ಈಗ ನಮ್ಮಲ್ಲಿ ನಿತ್ಯವೂ ಕೇಳಿಬರುವ ಮೂರು ಮಾತುಗಳನ್ನು ತೆಗೆದುಕೊಂಡು ಶೋಧಿಸೋಣ.

1. "ಮದುವೆಯಲ್ಲಿ ಕೊಟ್ಟಾಯಿತಲ್ಲಾ, ಮಗಳಿಗೆ ಇನ್ನೇನು ಪಾಲು?"

ಈ ಮಾತನ್ನು ಕೆಟ್ಟವರು ಮಾತ್ರ ಆಡುವದಿಲ್ಲ. ಮಗಳನ್ನು ಪ್ರೀತಿಸುವ ತಂದೆಯೂ ಆಡುತ್ತಾನೆ. ಬಂಗಾರ ಕೊಟ್ಟೆವು, ಪಾತ್ರೆ ಕೊಟ್ಟೆವು, ಅಳಿಯನಿಗೆ ಕೇಳಿದ್ದನ್ನು ಕೊಟ್ಟೆವು, ಇನ್ನು ಭೂಮಿ ಗಂಡುಮಕ್ಕಳದು ಎಂದು ಅವನ ಲೆಕ್ಕ. ಈ ಲೆಕ್ಕದಲ್ಲಿ ಎರಡು ತಪ್ಪುಗಳಿವೆ.

ಅಳಿಯನು ಕೇಳಿದ್ದನ್ನು ಕೊಟ್ಟದ್ದು ಮಗಳಿಗೆ ಕೊಟ್ಟ ಪಾಲಲ್ಲ, ಅದು ವರದಕ್ಷಿಣೆ. 1961ರ ಕಾಯಿದೆಯ ಪ್ರಕಾರ ಅದನ್ನು ತೆಗೆದುಕೊಳ್ಳುವದೂ ಕೊಡುವದೂ ಎರಡೂ ಅಪರಾಧ. ಇದು ಮೊದಲನೆಯ ತಪ್ಪು. ಎರಡನೆಯದೇನಂದರೆ, ಕಾನೂನು ಮಗಳನ್ನು ಹೊರಗಿನವಳೆಂದು ಎಣಿಸುವದಿಲ್ಲ. ಕ್ರೈಸ್ತರ ಆಸ್ತಿಯ ವಿಷಯದಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ನಡೆಯುತ್ತದೆ. ಒಬ್ಬನು ಮರಣಶಾಸನ, ಅಂದರೆ ವಿಲ್ಲು, ಬರೆಯದೆ ತೀರಿಹೋದರೆ ಅವನ ಹೆಂಡತಿಗೆ ಮೂರರಲ್ಲಿ ಒಂದು ಪಾಲು ಸಲ್ಲುತ್ತದೆ. ಉಳಿದ ಎರಡು ಪಾಲು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮನಾಗಿ ಹಂಚಿಹೋಗುತ್ತದೆ. ಒಂದು ದೃಷ್ಟಾಂತವನ್ನು ಹೇಳುವೆವು. ಮೂರು ಎಕರೆ ಹೊಲವುಳ್ಳ ಒಬ್ಬನಿಗೆ ಹೆಂಡತಿಯೂ ಇಬ್ಬರು ಗಂಡುಮಕ್ಕಳೂ ಇಬ್ಬರು ಹೆಣ್ಣುಮಕ್ಕಳೂ ಇದ್ದಾರೆಂದು ಎಣಿಸಿರಿ. ಹೆಂಡತಿಗೆ ಒಂದು ಎಕರೆ. ನಾಲ್ವರು ಮಕ್ಕಳಲ್ಲಿ ಒಬ್ಬೊಬ್ಬರಿಗೆ 20 ಗುಂಟೆ. ಮದುವೆಯಾದವಳು, ಆಗದವಳು ಎಂಬ ಭೇದ ಇದರಲ್ಲಿಲ್ಲ. ನಮ್ಮ ನೆರೆಯ ಹಿಂದೂ ಕುಟುಂಬಗಳಲ್ಲಿಯೂ 2005ರ ತಿದ್ದುಪಡಿಯಿಂದ ಅವಿಭಕ್ತ ಆಸ್ತಿಯಲ್ಲಿ ಮಗಳಿಗೆ ಮಗನ ಸಮಾನವಾದ ಹಕ್ಕು ಬಂದದೆ.

ಈ ಹಕ್ಕು ಎಲ್ಲಾ ಕಡೆಗೆ ಸುಲಭವಾಗಿ ದೊರೆಯಲಿಲ್ಲ. ತಿರುವಾಂಕೂರು ಸೀಮೆಯಲ್ಲಿ 1916ರ ಒಂದು ಕಾಯಿದೆಯ ಪ್ರಕಾರ ಕ್ರೈಸ್ತ ಮಗಳಿಗೆ ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಯಾವದು ಕಡಿಮೆಯೋ ಅಷ್ಟೇ ಸಲ್ಲುತ್ತಿತ್ತು. ಮೇರಿ ರಾಯ್ ಎಂಬ ಶಾಲೆಯ ಉಪಾಧ್ಯಾಯಿನಿ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ವರೆಗೆ ಹೋದಳು. 1986ರಲ್ಲಿ ನ್ಯಾಯಾಲಯವು, ಅಲ್ಲಿಯೂ 1925ರ ಕಾಯಿದೆಯೇ ನಡೆಯತಕ್ಕದ್ದೆಂದು ತೀರ್ಪು ಕೊಟ್ಟಿತು.

ಆದರೂ ತಂದೆ ತೀರಿಹೋಗಿ ಪೌತಿ ಖಾತೆ ಮಾಡಿಸುವ ದಿವಸ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ? ಅಕ್ಕತಂಗಿಯರನ್ನು ಕರಿಸಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುತ್ತೇವೆ. ಸಹಿ ಮಾಡದವಳಿಗೆ ತೌರಿನ ಬಾಗಲು ಮುಚ್ಚುವದೆಂಬ ಹೆದರಿಕೆ. ತಿಳಿದು, ಮನಸ್ಸೊಪ್ಪಿ, ಅಣ್ಣತಮ್ಮಂದಿರಿಗೆ ಬಿಟ್ಟುಕೊಡುವದು ಬೇರೆ. ಹೆದರಿ ಹೆಬ್ಬೆಟ್ಟು ಒತ್ತುವದು ಬೇರೆ. ಮುಂದೆ ಗಂಡನು ಕೈಬಿಟ್ಟರೆ ಅಥವಾ ತೀರಿಹೋದರೆ ಬೀದಿಯಲ್ಲಿ ನಿಲ್ಲುವವಳು ಅವಳೇ. "ಇನ್ನೇನು ಪಾಲು" ಎಂದವರು ಆಗ ಅವಳ ಮಕ್ಕಳಿಗೆ ಗಂಜಿ ಕಾಸುವರೋ? ಮಾತು ನಮ್ಮದು, ಬೆಲೆ ಅವಳದು. ಆಕೆಯನ್ನು ಕೇಳಿದೆವೋ?

2. "ಸಾಲವಾದರೇನು, ದುಡಿದು ತೀರಿಸಿದರಾಯಿತು"

ಇಲ್ಲಿ ನಮ್ಮ ತಪ್ಪನ್ನು ತಿಳಿಸತಕ್ಕದ್ದು. ಕೆಲವು ವರುಷಗಳ ಕೆಳಗೆ ಒಬ್ಬ ರೈತನು ಮಗಳ ಮದುವೆಯ ವಿಷಯ ಆಲೋಚನೆ ಕೇಳಲಿಕ್ಕೆ ನಮ್ಮ ಬಳಿಗೆ ಬಂದನು. ಅವನ ಕೈಯಲ್ಲಿ ಸ್ವಲ್ಪ ಹಣವಿತ್ತು. "ಹತ್ತಿರದವರನ್ನು ಮಾತ್ರ ಕರೆದು ಚಿಕ್ಕದಾಗಿ ಮಾಡಿದರೆ ಸಾಕಲ್ಲವೇ, ಅಯ್ಯನವರೇ?" ಎಂದು ಕೇಳಿದನು. ನಾವು, "ಒಂದೇ ಸಾರಿ ಬರುವ ಶುಭಕಾರ್ಯ, ಊರವರನ್ನು ಬಿಟ್ಟರೆ ಏನೆಂದಾರು? ಸ್ವಲ್ಪ ಸಾಲವಾದರೂ ಚಿಂತೆಯಿಲ್ಲ, ದುಡಿದು ತೀರಿಸಬಹುದು" ಎಂದೆವು. ಅವನು ನಮ್ಮ ಮಾತನ್ನು ನಂಬಿ 50,000 ರೂಪಾಯಿಯನ್ನು ತಿಂಗಳಿಗೆ ನೂರಕ್ಕೆ ಐದರ ಬಡ್ಡಿಗೆ ತಂದನು. ಊಟ ಚೆನ್ನಾಗಿತ್ತು, ನಾವೂ ಉಂಡು ಹೊಗಳಿ ಬಂದೆವು.

ಲೆಕ್ಕವನ್ನು ಆ ದಿವಸ ನಾವು ಮಾಡಲಿಲ್ಲ, ಈಗ ಮಾಡೋಣ. ತಿಂಗಳಿಗೆ ನೂರಕ್ಕೆ ಐದೆಂದರೆ ವರುಷಕ್ಕೆ ನೂರಕ್ಕೆ 60. 50,000ಕ್ಕೆ ತಿಂಗಳ ಬಡ್ಡಿ 2,500. ಎರಡು ವರುಷಗಳಲ್ಲಿ ಅವನು 60,000 ರೂಪಾಯಿ ಕಟ್ಟಿದನು. ಅಸಲಿನಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಲಿಲ್ಲ. ಮೊದಲು ಹಸುಗಳು ಹೋದವು. ಆಮೇಲೆ ಎರಡನೆಯ ಮಗನು ಶಾಲೆ ಬಿಟ್ಟು ಬೆಂಗಳೂರಿಗೆ ಕಟ್ಟಡದ ಕೂಲಿಗೆ ಹೋದನು. ಅನಂತರ ನಾವು ಆ ಮನೆಗೆ ಹೋದಾಗ ಅವನು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. "ಅಯ್ಯನವರೇ, ಊಟ ಮಾಡಿಕೊಂಡು ಹೋಗಿರಿ" ಎಂದು ಮಾತ್ರ ಹೇಳಿದನು. ಆ ತುತ್ತು ನಮ್ಮ ಗಂಟಲಲ್ಲಿ ಇಳಿಯಲಿಲ್ಲ. ಮಾತು ನಮ್ಮದು, ಬೆಲೆಯನ್ನು ತೆತ್ತವನು ಆ ಹುಡುಗನು. ಅವನನ್ನೂ ಅವನ ತಾಯಿಯನ್ನೂ ನಾವು ಕೇಳಿರಲಿಲ್ಲ.

ಆದಕಾರಣ ಸಾಲದ ವಿಷಯ ನಾಲ್ಕು ಸಂಗತಿಗಳನ್ನು ತಿಳಿದುಕೊಳ್ಳಿರಿ.

ಒಂದನೆಯದು, ಬಡ್ಡಿಯನ್ನು ಯಾವ ಹಣದ ಮೇಲೆ ಎಣಿಸುತ್ತಾರೆಂದು ಕೇಳಬೇಕು. ಒಬ್ಬನು 12,000 ರೂಪಾಯಿಯನ್ನು ವರುಷಕ್ಕೆ ನೂರಕ್ಕೆ 12ರಂತೆ ಕೊಟ್ಟು, ಬಡ್ಡಿ 1,440ನ್ನು ಮೊದಲೇ ಕೂಡಿಸಿ, ತಿಂಗಳಿಗೆ 1,120ರಂತೆ ಹನ್ನೆರಡು ಕಂತು ಕಟ್ಟಿಸಿಕೊಳ್ಳುತ್ತಾನೆಂದು ಎಣಿಸಿರಿ. ಪ್ರತಿ ಕಂತಿನಲ್ಲಿ 1,000 ಅಸಲು ತೀರುತ್ತಾ ಬರುವದರಿಂದ ವರುಷದ ಸರಾಸರಿಯಲ್ಲಿ ನಮ್ಮ ಮೇಲಿರುವ ಸಾಲ 6,500 ಮಾತ್ರ. ಬಡ್ಡಿಯಾದರೋ ಪೂರಾ 12,000ಕ್ಕೆ. ಹೀಗೆ ಹನ್ನೆರಡೆಂದು ಹೇಳಿದ ಬಡ್ಡಿ ನಿಜವಾಗಿ ಸುಮಾರು 22 ಆಗುತ್ತದೆ.

ಎರಡನೆಯದು, ಅತಿಯಾದ ಬಡ್ಡಿಯನ್ನು ಕರ್ನಾಟಕದಲ್ಲಿ 2004ರ ಕಾಯಿದೆ ನಿಷೇಧಿಸಿದೆ. ಸಣ್ಣ ಸಾಲ ಕೊಟ್ಟು ಮನೆಯ ಮುಂದೆ ಕುಳಿತು ಬೆದರಿಸಿ ವಸೂಲಿ ಮಾಡುವವರಿಂದ ಅನೇಕ ಕುಟುಂಬಗಳು ಊರು ಬಿಟ್ಟ ಕಾರಣ, 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರವು ಸುಗ್ರೀವಾಜ್ಞೆ ಹೊರಡಿಸಿತು. ಅದೇ ವರುಷ ಅದು ಕಾಯಿದೆಯಾಯಿತು. ಅಂಥ ಬಲಾತ್ಕಾರಕ್ಕೆ ಹತ್ತು ವರುಷಗಳ ವರೆಗೆ ಸೆರೆಯೂ ಐದು ಲಕ್ಷ ರೂಪಾಯಿ ವರೆಗೆ ದಂಡವೂ ಉಂಟು. ಬೆದರಿಕೆಗೆ ಒಳಗಾದವರು ನಾಚಿಕೊಂಡು ಅಡಗಬಾರದು. ಪೊಲೀಸರಿಗೆ ದೂರು ಕೊಡತಕ್ಕದ್ದು. ಸಾಲ ಮಾಡಿದ್ದು ಅಪರಾಧವಲ್ಲ.

ಮೂರನೆಯದು, ಬೇರೆ ದಾರಿಗಳಿವೆ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ರೈತರ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಅದು ದೇಶದಲ್ಲಿಯೇ ಮೊದಲನೆಯವುಗಳಲ್ಲೊಂದು. ಅದರ ಗುಟ್ಟು ಬಹಳ ಸರಳ: ಊರವರೇ ಷೇರು ಹಾಕಿ, ಒಬ್ಬರನ್ನೊಬ್ಬರು ಬಲ್ಲವರಾಗಿ, ಲೆಕ್ಕವನ್ನು ಎಲ್ಲರೂ ನೋಡುವಂತೆ ಇಡುವದು. ಇಂದಿಗೂ ನಮ್ಮ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಲ್ಲಿ ಬೆಳೆಸಾಲವು ಲೇವಾದೇವಿಗಾರನ ಬಡ್ಡಿಗೆ ಹೋಲಿಸಲಾಗದಷ್ಟು ಅಗ್ಗ. 1992ರಲ್ಲಿ ನಬಾರ್ಡು ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸಲಾರಂಭಿಸಿದ ಮೇಲೆ ಹೆಣ್ಣುಮಕ್ಕಳ ಸಂಘಗಳಿಗೂ ಸಾಲ ದೊರೆಯುತ್ತಾ ಬಂದದೆ. ಆದರೆ ಒಂದು ಸಂಘದ ಕಂತು ಕಟ್ಟುವದಕ್ಕೆ ಇನ್ನೊಂದು ಸಂಘದಲ್ಲಿ ಸಾಲ ತೆಗೆಯುವವಳು ಬಾವಿಯಿಂದ ಬಾವಿಗೆ ಹಾರುವವಳೇ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಹೆಂಡತಿಗೆ ತಿಳಿಯದ ಸಾಲವನ್ನು ಗಂಡನೂ, ಗಂಡನಿಗೆ ತಿಳಿಯದ ಸಾಲವನ್ನು ಹೆಂಡತಿಯೂ ಮಾಡಬಾರದು. ಎರಡು ರೂಪಾಯಿಯದಾದರೂ ಒಂದು ಲೆಕ್ಕದ ಪುಸ್ತಕ ಮನೆಯಲ್ಲಿರಲಿ. ಬರೆಯಬಲ್ಲ ಮಕ್ಕಳು ಬರೆಯಲಿ. ಕಂತು ಕಟ್ಟುವವರೆಲ್ಲರೂ ಓದಿ ಒಪ್ಪಿದ ಸಾಲ ಮಾತ್ರ ಮನೆಯ ಸಾಲ.

3. "ಸರಕಾರದ ಹಣ, ನಮಗೇನು?"

ಮನೆಯ ಲೆಕ್ಕದಲ್ಲಿ ಎಚ್ಚರವಿರುವವನು ಸಹ ಊರಿನ ಲೆಕ್ಕದಲ್ಲಿ ಅಸಡ್ಡೆ ಮಾಡುತ್ತಾನೆ. ರಸ್ತೆ ಒಂದೇ ಮಳೆಗೆ ಕಿತ್ತುಹೋದರೆ, "ಸರಕಾರದ ಹಣ, ತಿಂದವರು ತಿಂದರು" ಎಂದು ನಗುತ್ತಾನೆ. ತೆರಿಗೆ ಕಟ್ಟುವವರು ಸಿರಿವಂತರು, ನಾವು ಬಡವರು ಎಂದು ಅವನ ಎಣಿಕೆ.

ಇದು ನಿಜವೋ? 2017ರ ಜುಲೈ 1ರಿಂದ ದೇಶದಲ್ಲಿ ಸರಕು ಸೇವಾ ತೆರಿಗೆ ನಡೆಯುತ್ತದೆ. ಮೈಸೋಪು, ತಲೆಯೆಣ್ಣೆ, ಹಲ್ಲುಜ್ಜುವ ಪೇಸ್ಟು ಇವುಗಳ ಮೇಲೆ ನೂರಕ್ಕೆ 18 ಇದ್ದ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿಸಿದರು. ಇಳಿಸಿದರೆಂದರೆ ಅಲ್ಲಿಯ ವರೆಗೆ ಕೂಲಿಯ ಹೆಂಗಸೂ ಮಗುವಿಗೆ ಸೋಪು ಕೊಂಡಾಗಲೆಲ್ಲಾ ಅದನ್ನು ಕಟ್ಟುತ್ತಿದ್ದಳೆಂದು ಅರ್ಥ; ಈಗಲೂ ಐದರ ಲೆಕ್ಕದಲ್ಲಿ ಕಟ್ಟುತ್ತಾಳೆ. ಆದಕಾರಣ ಕಿತ್ತುಹೋದ ರಸ್ತೆಯಲ್ಲಿ ಅವಳ ಕಾಸೂ ಉಂಟು. ಸರಕಾರದ ಹಣವೆಂಬದು ಬೇರೆ ಇಲ್ಲ; ಅದು ನಮ್ಮ ಹಣವೇ.

ಈ ಹಣದ ಲೆಕ್ಕ ಕೇಳುವ ಅಧಿಕಾರ ನಮಗೆ ಬಂದದ್ದು ಸುಮ್ಮನೆ ಅಲ್ಲ. ಕರ್ನಾಟಕದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬರು, ಹಳ್ಳಿಹಳ್ಳಿಗೆ ಕೊಳವೆಬಾವಿ ಕೊಡಿಸಿ "ನೀರ್ ಸಾಬ್" ಎನ್ನಿಸಿಕೊಂಡವರು, 1983ರ ಪಂಚಾಯತಿ ಕಾಯಿದೆಗಾಗಿ ಬಹಳವಾಗಿ ಶ್ರಮಪಟ್ಟರು. ಆ ಕಾಯಿದೆ ಹೆಂಗಸರಿಗೆ ನಾಲ್ಕರಲ್ಲಿ ಒಂದು ಸ್ಥಾನವನ್ನು ಮೀಸಲಿಟ್ಟಿತು. 1993ರ ಏಪ್ರಿಲ್ 24ರಂದು ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದು ಗ್ರಾಮಸಭೆಗೆ ಸಂವಿಧಾನದಲ್ಲಿಯೇ ಸ್ಥಾನ ದೊರೆಯಿತು. ಗ್ರಾಮಸಭೆಯೆಂದರೆ ಪಂಚಾಯತಿಯ ಸದಸ್ಯರ ಕೂಟವಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿರುವ ನಾವೆಲ್ಲರೂ ಕೂಡುವ ಸಭೆ. ನಮ್ಮ ರಾಜ್ಯದಲ್ಲಿ ಅದು ಆರು ತಿಂಗಳಿಗೊಂದು ಸಾರಿಯಾದರೂ ಕೂಡತಕ್ಕದ್ದು. ವರುಷಕ್ಕೊಂದು ಸಾರಿ ಪಂಚಾಯತಿಯ ಲೆಕ್ಕವನ್ನು ಜನರ ಮುಂದೆ ಇಡುವ ಜಮಾಬಂದಿಯೂ ಉಂಟು. ಅಲ್ಲಿ ಉತ್ತರ ದೊರೆಯದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ 10 ರೂಪಾಯಿ ಕಟ್ಟಿ ಅರ್ಜಿ ಬರೆದುಕೊಟ್ಟರೆ ಸಾಮಾನ್ಯವಾಗಿ 30 ದಿವಸಗಳೊಳಗೆ ಉತ್ತರ ಕೊಡಬೇಕು. ಬಡತನ ರೇಖೆಯ ಕೆಳಗಿರುವವರಿಗೆ ಆ ಹತ್ತು ರೂಪಾಯಿಯೂ ಬೇಡ.

ಹೀಗಿರಲಾಗಿ ದಿಲ್ಲಿಯ ವಿಷಯ ಎರಡು ತಾಸು ವಾದಿಸುವ ನಾವು ನಮ್ಮ ಊರಿನ ಗ್ರಾಮಸಭೆಗೆ ಯಾಕೆ ಹೋಗುವದಿಲ್ಲ? ಯಾಕಂದರೆ ದಿಲ್ಲಿಯ ಮಾತಿಗೆ ಬೆಲೆ ತೆರಬೇಕಾಗಿಲ್ಲ. ಗ್ರಾಮಸಭೆಯಲ್ಲಿ ಎದ್ದು ಕೇಳಿದರೆ ನಾಳೆ ಅದೇ ಸದಸ್ಯನ ಮುಖವನ್ನು ನೋಡಬೇಕು. ಆ ಹೆದರಿಕೆಯನ್ನು ನಾವು ಬಲ್ಲೆವು. ಒಬ್ಬನೇ ಹೋಗುವದು ಕಷ್ಟವಾದರೆ ಹತ್ತು ಮಂದಿ ಕೂಡಿ ಹೋಗಿರಿ. ಹೆಣ್ಣುಮಕ್ಕಳನ್ನು ಮುಂದೆ ಕೂಡ್ರಿಸಿರಿ, ಯಾಕಂದರೆ ನೀರು ಬಾರದ ದಿವಸ ಕೊಡ ಹೊತ್ತು ನಡೆಯುವವರು ಅವರೇ.

ಮತದ ವಿಷಯವೂ ಹೀಗೆಯೇ. 500 ರೂಪಾಯಿಗೆ ಮತ ಕೊಟ್ಟವನು ಅದನ್ನು ಐದು ವರುಷಗಳ ದಿವಸಗಳಿಂದ ಭಾಗಿಸಿ ನೋಡಲಿ; ದಿನಕ್ಕೆ ಸುಮಾರು 27 ಪೈಸೆ ಬೀಳುತ್ತದೆ. ಕೊಡುವದೂ ತೆಗೆದುಕೊಳ್ಳುವದೂ ಎರಡೂ ಅಪರಾಧವೆಂಬದು ಹಾಗಿರಲಿ; 27 ಪೈಸೆಗೆ ನಮ್ಮ ಮಕ್ಕಳ ಶಾಲೆಯನ್ನೂ ಆಸ್ಪತ್ರೆಯನ್ನೂ ಮಾರಿದ ಮೇಲೆ ಲೆಕ್ಕ ಕೇಳುವ ಬಾಯಿ ಎಲ್ಲಿದೆ? ಆ ಮಕ್ಕಳನ್ನು ನಾವು ಕೇಳಿದೆವೋ?

ಪ್ರಿಯರೇ, ಮೂರು ಮಾತುಗಳು ಬೇರೆ ಬೇರೆಯಾಗಿ ಕಂಡರೂ ಅವುಗಳ ಬೇರು ಒಂದೇ: ನಾವು ಆಡುತ್ತೇವೆ, ಇನ್ನೊಬ್ಬರು ತೆರುತ್ತಾರೆ. ಮಗಳ ಪಾಲಿನಲ್ಲಿ ತೆರುವವಳು ಮಗಳು, ಸಾಲದಲ್ಲಿ ತೆರುವವರು ಹೆಂಡತಿ ಮಕ್ಕಳು, ಊರಿನ ಹಣದಲ್ಲಿ ತೆರುವವರು ನಮ್ಮೊಳಗೆ ಎಲ್ಲರಿಗಿಂತ ಬಡವರು. ತೆರುವವರನ್ನು ಮೊದಲು ಕೇಳಿ ಆಮೇಲೆ ಮಾತಾಡುವದನ್ನು ಕಲಿತರೆ ಕಟ್ಟೆಯ ಮೇಲೆ ಮಾತು ಕಡಿಮೆಯಾದೀತು. ಮನೆಗಳಲ್ಲಿ ನಿದ್ರೆ ಹೆಚ್ಚಾದೀತು. ಆ ರೈತನ ಮಗನು ಇನ್ನೂ ಬೆಂಗಳೂರಿನಲ್ಲಿದ್ದಾನೆ. ಇನ್ನು ಮುಂದೆ ಯಾರಾದರೂ ನಮ್ಮನ್ನು ಆಲೋಚನೆ ಕೇಳಿದರೆ, "ನಿಮ್ಮ ಮನೆಯವರೆಲ್ಲರನ್ನೂ ಕರೆದುಕೊಂಡು ಬನ್ನಿರಿ, ಲೆಕ್ಕದ ಪುಸ್ತಕವನ್ನೂ ತನ್ನಿರಿ" ಎಂದು ಹೇಳುವದಾಗಿ ನಿಶ್ಚಯಿಸಿದ್ದೇವೆ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ನಿಮ್ಮ ಮನೆಯ ಸಾಲವೆಷ್ಟು, ಬಡ್ಡಿ ವರುಷಕ್ಕೆ ನೂರಕ್ಕೆ ಎಷ್ಟು ಎಂಬದನ್ನು ಮನೆಯವರೆಲ್ಲರೂ ಬಲ್ಲರೋ?

2. ವಿಲ್ಲು ಬರೆಯದೆ ತೀರಿಹೋದವನ ಆಸ್ತಿಯಲ್ಲಿ ಹೆಂಡತಿಗೂ ಹೆಣ್ಣುಮಕ್ಕಳಿಗೂ ಎಷ್ಟು ಸಲ್ಲತಕ್ಕದ್ದು? ನಿಮ್ಮ ಅಕ್ಕತಂಗಿಯರು ಹೆಬ್ಬೆಟ್ಟು ಒತ್ತಿದಾಗ ಅದನ್ನು ತಿಳಿದಿದ್ದರೋ?

3. ಹೋದ ಗ್ರಾಮಸಭೆ ಯಾವಾಗ ಕೂಡಿತು? ನಮ್ಮಲ್ಲಿ ಎಷ್ಟು ಮಂದಿ ಹೋದೆವು? ಮುಂದಿನದಕ್ಕೆ ಯಾರು ಯಾರು ಕೂಡಿ ಹೋಗುವೆವು?

4. ಕಳೆದ ವಾರ ನೀವು ಇನ್ನೊಬ್ಬರ ಮನೆಯ ವಿಷಯ ಹೇಳಿದ ಒಂದು ಅಭಿಪ್ರಾಯವನ್ನು ನೆನಸಿಕೊಳ್ಳಿರಿ. ಅದು ತಪ್ಪಾದರೆ ಬೆಲೆಯನ್ನು ತೆರುವವರು ಯಾರು?