ಚಕ್ರ ಅಲುಗಿದರೆ ಮೊದಲು ಕಿಂಗ್ ಪಿನ್ ನೋಡಿ

ಕರಜಗಿಯಿಂದ ಅಫಜಲಪುರಕ್ಕೆ ತೊಗರಿ ಚೀಲ ಹೇರಿಕೊಂಡು ಹೋಗುವ ಹಳೆಯ ಟಾಟಾ 407 ನಿಮ್ಮದಾಗಿದ್ದರೆ ಈ ಮಾತು ನಿಮಗೇ. 1986ರಲ್ಲಿ ಬಂದ ಈ ಗಾಡಿಯ ಮುಂದಿನ ಆಕ್ಸಲ್ ಗಟ್ಟಿಮುಟ್ಟು. ಸವೆಯುವುದು ಅದರ ತುದಿಯ ಕಿಂಗ್ ಪಿನ್ನು, ಬುಶ್ಶು. ಎರೆ ಹೊಲದ ಧೂಳು ಗ್ರೀಸಿನೊಳಗೆ ಸೇರಿದರೆ ಇನ್ನೂ ಬೇಗ.

ಜಾಕ್ ಕೊಟ್ಟು, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಟ್ಟು, ಚಕ್ರವನ್ನು ಮೇಲೊಂದು ಕೆಳಗೊಂದು ಕೈ ಹಿಡಿದು ಅಲುಗಾಡಿಸಿ. ಇನ್ನೊಬ್ಬರು ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ದೋಷ ವೀಲ್ ಬೇರಿಂಗಿನದು. ಆಗಲೂ ಲಟಲಟ ಎಂದರೆ ಕಿಂಗ್ ಪಿನ್ನಿನದು. ಇಷ್ಟು ನೋಡದೆ ಸ್ಟೇರಿಂಗ್ ಬಾಕ್ಸ್ ಬಿಚ್ಚಿಸಿದರೆ ದುಡ್ಡು ದಂಡ.

ಎರಡೂ ಬದಿಯ ಪಿನ್, ಬುಶ್, ಥ್ರಸ್ಟ್ ಬೇರಿಂಗ್ ಒಟ್ಟಿಗೇ ಬದಲಿಸಿ. ಹೊಸ ಬುಶ್ಶಿನ ತೂತು ಗ್ರೀಸ್ ನಿಪ್ಪಲ್ಲಿನ ತೂತಿಗೆ ಎದುರಾಗಿ ಕೂರಲೇಬೇಕು; ಇಲ್ಲವಾದರೆ ಗನ್ ಎಷ್ಟು ಒತ್ತಿದರೂ ಗ್ರೀಸ್ ಪಿನ್ನಿಗೆ ತಲುಪದು. ಬುಶ್ಶಿಗೆ ರೀಮರ್ ಹೊಡೆಸಿ. ಎಮರಿ ಕಾಗದದಲ್ಲಿ ತಿಕ್ಕಿ ಹೊಂದಿಸುವವರ ಕೈಗೆ ಗಾಡಿ ಕೊಡಬೇಡಿ.

ಟೈರಾಡ್ ಎಂಡ್ ಬಿಚ್ಚಿದರೆ ಹೊಸ ಸ್ಪ್ಲಿಟ್ ಪಿನ್ನೇ ಹಾಕಿ. ಬಿರುಕು ಬಿಟ್ಟ ಸ್ಟೇರಿಂಗ್ ಆರ್ಮಿಗೆ ವೆಲ್ಡಿಂಗ್ ಬೇಡವೇ ಬೇಡ. ಹೇರಿದ ಗಾಡಿಯಲ್ಲಿ ಅದು ಮುರಿದರೆ ಎದುರಿಗೆ ಬಂದವರ ಜೀವಕ್ಕೇ ಕುತ್ತು. ಕೆಲಸ ಮುಗಿದ ಮೇಲೆ, ಹೇರು ಹಾಕುವ ಮುನ್ನ, ಅಲೈನ್‌ಮೆಂಟ್ ಮಾಡಿಸಿ.