ಜೀವಕೋಶ ವಿಭೇದೀಕರಣ: ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳ ಪಾತ್ರ

ನರಕೋಶಕ್ಕೂ ಸ್ನಾಯುಕೋಶಕ್ಕೂ ಡಿಎನ್‌ಎ ಒಂದೇ. ಯಾವ ಜೀನ್ ಕೆಲಸಕ್ಕಿಳಿಯುತ್ತದೆ ಎಂಬುದು ಬೇರೆ. ಅದನ್ನು ನಿರ್ಧರಿಸುವ ಮುಖ್ಯ ಪ್ರೋಟೀನ್‌ಗಳು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು. ಇವು ಜೀನ್‌ನ ಪ್ರೊಮೋಟರ್ ಅಥವಾ ಎನ್‌ಹಾನ್ಸರ್ ಭಾಗಕ್ಕೆ ಅಂಟಿಕೊಂಡು ಆರ್‌ಎನ್‌ಎ ತಯಾರಿಕೆಯನ್ನು ಹೆಚ್ಚಿಸುತ್ತವೆ, ಇಲ್ಲವೇ ತಡೆಯುತ್ತವೆ.

ಬೆಂಗಳೂರಿನ ಜಯನಗರ, ಬನಶಂಕರಿಯಲ್ಲಿ ಕೂತು ಓದುವವರಿಗೆ ಇದೇ ಊರಿನ ಉದಾಹರಣೆಯಿದೆ. ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ (ಎನ್‌ಸಿಬಿಎಸ್) ಕೆ. ವಿಜಯರಾಘವನ್ ತಂಡ ಹಣ್ಣುನೊಣದ ಹಾರಾಟದ ಸ್ನಾಯುಗಳನ್ನು ಅಧ್ಯಯನ ಮಾಡಿ 2001ರಲ್ಲಿ ಫಲಿತಾಂಶ ಪ್ರಕಟಿಸಿತು. ಜೀನ್‌ಗಳನ್ನು ನಿಯಂತ್ರಿಸುವ 'ವೆಸ್ಟಿಜಿಯಲ್' ಪ್ರೋಟೀನ್ ಇರುವ ಮಯೋಬ್ಲಾಸ್ಟ್‌ಗಳು (ಸ್ನಾಯುವಾಗಲಿರುವ ಪೂರ್ವಕೋಶಗಳು) ಪರೋಕ್ಷ ಹಾರಾಟ ಸ್ನಾಯುಗಳಾಗುತ್ತವೆ. 'ಕಟ್' ಎಂಬ ಇನ್ನೊಂದು ಪ್ರೋಟೀನ್‌ನ ಪ್ರಮಾಣ ಹೆಚ್ಚಿರುವವು ನೇರ ಹಾರಾಟ ಸ್ನಾಯುಗಳಾಗುತ್ತವೆ. ಈ ಎರಡು ಪ್ರೋಟೀನ್‌ಗಳು ಒಂದನ್ನೊಂದು ಅದುಮುತ್ತವೆ, ಹಾಗಾಗಿ ಕೋಶ ಎರಡು ದೋಣಿಯಲ್ಲಿ ಕಾಲಿಡುವುದಿಲ್ಲ. ಯಾವುದು ಗೆಲ್ಲಬೇಕೆಂಬುದರಲ್ಲಿ ಪಕ್ಕದ ಎಕ್ಟೋಡರ್ಮ್ (ಹೊರಪದರ) ಕಳಿಸುವ 'ವಿಂಗ್‌ಲೆಸ್' ಸಂಕೇತದ ಕೈವಾಡವಿದೆ.

ಉಳಿದ ಉದಾಹರಣೆಗಳು ಚುಟುಕಾಗಿ: 1987ರಲ್ಲಿ ಗುರುತಿಸಲಾದ ಮಯೋಡಿ ಎಂಬ ಫ್ಯಾಕ್ಟರ್ ಫೈಬ್ರೋಬ್ಲಾಸ್ಟ್‌ಗಳನ್ನು ಸ್ನಾಯುಕೋಶಗಳಾಗಿಸುತ್ತದೆ. ಶಿನ್ಯಾ ಯಮನಾಕ ತಂಡ ಆಕ್ಟ್4, ಸಾಕ್ಸ್2, ಕೆಎಲ್‌ಎಫ್4, ಸಿ-ಮಿಕ್ ಎಂಬ ನಾಲ್ಕು ಫ್ಯಾಕ್ಟರ್‌ಗಳನ್ನು ಬಳಸಿ ಇಲಿಯ ವಿಭೇದಿತ ಕೋಶಗಳನ್ನು ಮತ್ತೆ ಕಾಂಡಕೋಶದಂತಾಗಿಸಿತು. ಸಂಶೋಧನೆ 2006, ಜಾನ್ ಗರ್ಡನ್ ಜೊತೆ ಹಂಚಿಕೊಂಡ ನೊಬೆಲ್ 2012. ಈ ಎರಡು ವರ್ಷಗಳನ್ನು ಅದಲುಬದಲು ಮಾಡಬೇಡಿ.