ಕೋಳಿಯ ಕರುಳಿನಲ್ಲಿ ಎರಡು ಪಂಕ್ತಿ

ಉಂಡದ್ದೆಲ್ಲವೂ ಮೈಗೆ ಹತ್ತುವುದಿಲ್ಲ ಎಂದು ಹಿರಿಯರು ಹೇಳುವುದುಂಟು. ಮನುಷ್ಯನಿಗೆ ಸಲ್ಲುವ ಈ ಮಾತು ಕೋಳಿಗೂ ಸಲ್ಲುತ್ತದೆ. ಮೊಟ್ಟೆಯೊಡೆದು ಹೊರಬಂದ ದಿನ ಸುಮಾರು ೪೦ ಗ್ರಾಂ ತೂಗುವ ಬ್ರಾಯ್ಲರ್ ಮರಿಯು ಆರು ವಾರಗಳೊಳಗೆ ಎರಡು ಕಿಲೋಗ್ರಾಂ ಮೀರಿ ಬೆಳೆಯುವುದು. ಎಂದರೆ ಅದರ ತೂಕ ಐವತ್ತು ಪಟ್ಟಿಗೂ ಮಿಗಿಲಾಗುವುದು. ಇಂಥ ಬೆಳವಣಿಗೆಗೆ ಬೇಕಾದ ಸಾಮಗ್ರಿಯೆಲ್ಲವೂ ಕರುಳಿನ ತೆಳುವಾದ ಗೋಡೆಯನ್ನು ದಾಟಿಯೇ ರಕ್ತವನ್ನು ಸೇರಬೇಕು. ಆ ಗೋಡೆ ಕೆಟ್ಟರೆ ಎಷ್ಟು ಉತ್ತಮವಾದ ಆಹಾರವನ್ನು ಕೊಟ್ಟರೂ ಹೊಳೆಯಲ್ಲಿ ಹುಣಿಸೆಹಣ್ಣು ಕಲಸಿದಂತೆಯೇ ಸರಿ.

ಆದರೆ ಕರುಳಿನಲ್ಲಿ ಊಟಕ್ಕೆ ಕುಳಿತಿರುವುದು ಕೋಳಿಯೊಂದೇ ಅಲ್ಲ. ಅಲ್ಲಿ ಎರಡು ಪಂಕ್ತಿಗಳಿವೆ. ಮೊದಲನೆಯದು ಕೋಳಿಯದು, ಎರಡನೆಯದು ಕರುಳಿನಲ್ಲಿ ನೆಲೆಸಿರುವ ಅಸಂಖ್ಯಾತ ಬ್ಯಾಕ್ಟೀರಿಯಗಳದು. ಮೊದಲನೆಯ ಪಂಕ್ತಿ ಬಿಟ್ಟುದು ಎರಡನೆಯದಕ್ಕೆ ಸಿಕ್ಕುವುದು. ಹಾಗೆ ಉಳಿಯುವುದು ಎಷ್ಟು ಮತ್ತು ಎಂಥದು ಎಂಬುದರ ಮೇಲೆ, ಅಲ್ಲಿ ಉಪಕಾರಿ ಜೀವಿಗಳು ಬೆಳೆಯುವುವೋ ಅಪಕಾರಿ ಜೀವಿಗಳು ಬೆಳೆಯುವುವೋ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುವುದು. ಈ ಒಂದು ತತ್ತ್ವವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕೋಳಿಯ ಆಹಾರಕ್ಕೆ ಸೇರಿಸುವ ನಾನಾ ವಸ್ತುಗಳ ಗುಣದೋಷಗಳನ್ನು ಸುಲಭವಾಗಿ ತಿಳಿಯಬಹುದು.

ಅರೆಯುವ ಯಂತ್ರ

ಕೋಳಿಗೆ ಹಲ್ಲಿಲ್ಲ. ನುಂಗಿದ ಕಾಳು ಕತ್ತಿನ ಬುಡದ ಚೀಲದಲ್ಲಿ ನೆನೆದು, ಆಮ್ಲವನ್ನು ಸುರಿಸುವ ಮುಂಜಠರವನ್ನು ಸೇರಿ, ಬಳಿಕ ಗಿಜರ್ಡ್ ಎಂಬ ದಪ್ಪ ಸ್ನಾಯುವಿನ ಅಂಗಕ್ಕೆ ಬರುತ್ತದೆ. ಇದೇ ಕೋಳಿಯ ಬೀಸುವ ಕಲ್ಲು. ಕಾಳನ್ನು ಪುಡಿಮಾಡುವುದರಿಂದ ಆಗುವ ಲಾಭವನ್ನು ಲೆಕ್ಕದಿಂದಲೇ ತೋರಿಸಬಹುದು. ಒಂದು ಸೆಂಟಿಮೀಟರು ಬದಿಯುಳ್ಳ ಘನದ ಮೇಲ್ಮೈ ೬ ಚದರ ಸೆಂಟಿಮೀಟರು. ಅದನ್ನು ಒಂದು ಮಿಲಿಮೀಟರಿನ ಸಾವಿರ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ ೬೦ ಚದರ ಸೆಂಟಿಮೀಟರು. ಜೀರ್ಣಕಾರಿ ಕಿಣ್ವಗಳು ಮೇಲ್ಮೈಯಲ್ಲಿಯೇ ಕೆಲಸ ಮಾಡುವುದರಿಂದ ಅವುಗಳಿಗೆ ಹತ್ತು ಪಟ್ಟು ಜಾಗ ದೊರೆತಂತಾಯಿತು.

ಹಾಗಾದರೆ ಕಾಳನ್ನು ಹಿಟ್ಟಿನಷ್ಟು ನುಣ್ಣಗೆ ಬೀಸಿಯೇ ಕೊಡಬಹುದಲ್ಲವೆ? ಇಲ್ಲಿಯೇ ಇರುವುದು ಸ್ವಾರಸ್ಯ. ಕೆಲಸವಿಲ್ಲದ ಸ್ನಾಯು ಸೊರಗುವಂತೆ, ಅರೆಯಲು ಏನೂ ಇಲ್ಲದ ಗಿಜರ್ಡ್ ಸಣ್ಣದಾಗಿ ಸಡಿಲಗೊಳ್ಳುವುದು. ಆಹಾರವು ಆಮ್ಲದಲ್ಲಿ ಸಾಕಷ್ಟು ಹೊತ್ತು ನಿಲ್ಲದೆ ಮುಂದಕ್ಕೆ ಜಾರುವುದು. ಆಮ್ಲದಲ್ಲಿ ಸಾಯಬೇಕಾಗಿದ್ದ ಬ್ಯಾಕ್ಟೀರಿಯಗಳೂ ಅದರೊಡನೆ ಪಾರಾಗುವುವು. ಆದ್ದರಿಂದ ತುಸು ತರಿಯಾದ ಕಾಳು, ಸ್ವಲ್ಪ ಗಟ್ಟಿಯಾದ ನಾರು ಕೋಳಿಯ ಕರುಳಿಗೆ ಹಿತವೆಂದು ಪ್ರಯೋಗಗಳಿಂದ ತಿಳಿದುಬಂದಿದೆ.

ಸ್ನಿಗ್ಧತೆಯ ತೊಡಕು

ಅರೆದ ಆಹಾರವು ಸಣ್ಣ ಕರುಳನ್ನು ಸೇರುತ್ತದೆ. ಅದರ ಒಳಗೋಡೆಯ ತುಂಬ ಬೆರಳಿನ ಆಕಾರದ ಅತಿಸೂಕ್ಷ್ಮವಾದ ಚಾಚುಗಳಿವೆ. ಇವಕ್ಕೆ ವಿಲ್ಲೈ ಎಂದು ಹೆಸರು. ಹೀರುವ ಮೇಲ್ಮೈಯನ್ನು ಹೆಚ್ಚಿಸಲು ಪ್ರಕೃತಿ ಹೂಡಿದ ಉಪಾಯವಿದು. ಈ ಚಾಚುಗಳ ಹೊರಪದರದ ಕೋಶಗಳು ಕೆಲವೇ ದಿನಗಳಲ್ಲಿ ಸವೆದು ಉದುರಿ, ಬುಡದಿಂದ ಹೊಸ ಕೋಶಗಳು ಮೇಲೇರಿ ಬರುತ್ತವೆ. ಗೋಡೆಗೆ ಪೆಟ್ಟು ಹೆಚ್ಚಿದಷ್ಟೂ ದುರಸ್ತಿಯ ವೆಚ್ಚ ಹೆಚ್ಚು. ಮಾಂಸವಾಗಬೇಕಾಗಿದ್ದ ಆಹಾರ ದುರಸ್ತಿಗೇ ಸವೆಯುವುದು.

ಕಿಣ್ವವು ಪಿಷ್ಟವನ್ನು ಮುಟ್ಟಬೇಕು, ಪಿಷ್ಟದಿಂದ ಬಿಡುಗಡೆಯಾದ ಸಕ್ಕರೆ ಗೋಡೆಯನ್ನು ಮುಟ್ಟಬೇಕು. ಎರಡೂ ನಡೆಯುವುದು ದ್ರವದೊಳಗಣ ಚಲನೆಯಿಂದ. ಒಂದು ಲೋಟ ನೀರಿಗೆ ಒಂದು ತೊಟ್ಟು ಮಸಿಯನ್ನು ಬಿಡಿ. ಇಸಬಗೋಲನ್ನು ನೆನೆಸಿದ ಲೋಳೆಗೆ ಇನ್ನೊಂದು ತೊಟ್ಟನ್ನು ಬಿಡಿ. ಮೊದಲನೆಯದರಲ್ಲಿ ಮಸಿ ಬೇಗನೆ ಹರಡುವುದು. ಎರಡನೆಯದರಲ್ಲಿ ಬಿಟ್ಟಲ್ಲಿಯೇ ನಿಲ್ಲುವುದು. ದ್ರವದ ಸ್ನಿಗ್ಧತೆ ಹೆಚ್ಚಿದಷ್ಟೂ ಬೆರೆಯುವಿಕೆಯೂ ವಿಸರಣವೂ ನಿಧಾನವಾಗುವುವು.

ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳ ಕೋಶಭಿತ್ತಿಯಲ್ಲಿ ಅರಾಬಿನೋಕ್ಸೈಲಾನ್, ಬೀಟಾ ಗ್ಲೂಕಾನ್ ಎಂಬ ಉದ್ದನೆಯ ಸರಪಳಿಯ ಅಣುಗಳಿವೆ. ಕೋಳಿಯಲ್ಲಿ ಇವುಗಳನ್ನು ತುಂಡರಿಸುವ ಕಿಣ್ವವಿಲ್ಲ. ನೀರಿನಲ್ಲಿ ಕರಗಿದಾಗ ಇವು ಕರುಳಿನ ರಸವನ್ನು ಲೋಳೆಯಂತೆ ಮಾಡುವುವು. ಮೊದಲನೆಯ ಪಂಕ್ತಿ ಅರೆಹೊಟ್ಟೆಯಲ್ಲಿ ಏಳುವುದು, ಎರಡನೆಯದಕ್ಕೆ ಹಬ್ಬವಾಗುವುದು. ಹಿಕ್ಕೆ ಅಂಟಂಟಾಗಿ, ಕೋಳಿಮನೆಯ ಹೊಟ್ಟಿನ ಹಾಸು ಒದ್ದೆಯಾಗಿ, ಅಮೋನಿಯದ ವಾಸನೆ ಏಳುವುದು. ಒದ್ದೆ ಹಾಸಿನ ಮೇಲೆ ನಿಂತ ಹಕ್ಕಿಯ ಪಾದ ಹುಣ್ಣಾಗುವುದು. ಗೋಧಿ, ಬಾರ್ಲಿಗಳೇ ಮುಖ್ಯ ಆಹಾರವಾಗಿರುವ ದೇಶಗಳಲ್ಲಿ ಇದು ದೊಡ್ಡ ಸಮಸ್ಯೆ. ಕ್ಸೈಲನೇಸ್, ಗ್ಲೂಕನೇಸ್ ಎಂಬ ಕಿಣ್ವಗಳನ್ನು ಆಹಾರಕ್ಕೆ ಅಲ್ಪ ಪ್ರಮಾಣದಲ್ಲಿ ಬೆರೆಸಿದರೆ ಆ ಸರಪಳಿಗಳು ತುಂಡಾಗಿ ರಸ ತೆಳುವಾಗುವುದು. ನಮ್ಮಲ್ಲಿ ಮೆಕ್ಕೆಜೋಳ ಮತ್ತು ಸೋಯಾ ಹಿಂಡಿಯೇ ಪ್ರಧಾನವಾಗಿರುವುದರಿಂದ ಈ ತೊಡಕು ಅಷ್ಟಾಗಿ ಇಲ್ಲ. ಆದರೆ ಜೋಳದ ಬೆಲೆ ಏರಿದಾಗ ಬೇರೆ ಧಾನ್ಯಗಳನ್ನು ಬೆರೆಸುವವರು ಇದನ್ನು ಮರೆಯಬಾರದು.

ಜೀರ್ಣವಾಗದ ಪ್ರೋಟೀನು ಮತ್ತು ಬೂಷ್ಟು

ಹಸಿ ಸೋಯಾದಲ್ಲಿ ಟ್ರಿಪ್ಸಿನ್ ಎಂಬ ಕಿಣ್ವದ ಕೆಲಸವನ್ನು ತಡೆಯುವ ವಸ್ತುವೊಂದಿದೆ. ಹದವಾಗಿ ಬೇಯಿಸಿದರೆ ಅದು ನಾಶವಾಗುವುದು. ಕಡಮೆ ಬೇಯಿಸಿದರೆ ಉಳಿಯುವುದು. ಅತಿಯಾಗಿ ಬೇಯಿಸಿದರೆ ಪ್ರೋಟೀನೇ ಕೆಡುವುದು. ಎರಡೂ ದೋಷಗಳಿಂದ ಜೀರ್ಣವಾಗದ ಪ್ರೋಟೀನು ಕರುಳಿನ ಕೆಳಭಾಗಕ್ಕೆ ಇಳಿಯುವುದು. ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಕ್ಕೆ ಇದು ಪ್ರಿಯವಾದ ಊಟ. ಅದು ಹೆಚ್ಚಿ ವಿಷವನ್ನು ಸುರಿಸಿದರೆ ಕರುಳಿನ ಗೋಡೆ ಕೊಳೆತು ಕೋಳಿ ಸಾಯಬಹುದು. ಆಹಾರದಲ್ಲಿ ಮೀನಿನ ಪುಡಿ ಹೆಚ್ಚಾದಾಗಲೂ, ಕಾಕ್ಸಿಡಿಯ ಎಂಬ ಏಕಕೋಶ ಪರೋಪಜೀವಿಗಳು ಗೋಡೆಯನ್ನು ಮೊದಲೇ ಗಾಯಗೊಳಿಸಿದ್ದಾಗಲೂ ಈ ರೋಗಕ್ಕೆ ದಾರಿ ಸುಗಮವಾಗುವುದು.

ಬೂಷ್ಟು ಹಿಡಿದ ಆಹಾರದ ಅಪಾಯವು ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಬಯಲಾಯಿತು. ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತುವು. ಕಾರಣ ಗೊತ್ತಾಗದೆ ಅದನ್ನು ‘ಎಕ್ಸ್ ರೋಗ’ವೆಂದು ಕರೆದರು. ಕೊನೆಗೆ ಬ್ರೆಜಿಲಿನಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಉತ್ಪತ್ತಿ ಮಾಡಿದ ವಿಷ ಸಿಕ್ಕಿತು. ಅದೇ ಅಫ್ಲಟಾಕ್ಸಿನ್. ಮಳೆಯಲ್ಲಿ ಕೊಯ್ದು ಸರಿಯಾಗಿ ಒಣಗಿಸದೆ ಮೂಟೆ ಕಟ್ಟಿದ ಜೋಳದಲ್ಲಿಯೂ ಇದು ಹುಟ್ಟಬಹುದು. ಬೆಂಟೊನೈಟ್ ಜೇಡಿಯನ್ನು ಬೆರೆಸಿದರೆ ವಿಷದ ಅಣುಗಳು ಅದರ ಮೇಲ್ಮೈಗೆ ಅಂಟಿ ಹಿಕ್ಕೆಯೊಡನೆ ಹೊರಹೋಗುವುವು. ಆದರೂ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸುವುದಕ್ಕೆ ಸಮನಾದ ಮದ್ದಿಲ್ಲ.

ಔಷಧದ ಸುಲಭ ಮಾರ್ಗ

ಎರಡನೆಯ ಪಂಕ್ತಿಯನ್ನೇ ಔಷಧದಿಂದ ಎಬ್ಬಿಸಿಬಿಟ್ಟರೆ ಹೇಗೆ? ಈ ಮಾರ್ಗ ಆಕಸ್ಮಿಕವಾಗಿ ದೊರೆಯಿತು. ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಜೂಕ್ಸ್ ಮತ್ತು ಸ್ಟೋಕ್‌ಸ್ಟಾಡ್ ಎಂಬ ವಿಜ್ಞಾನಿಗಳು ಬಿ-೧೨ ಜೀವಸತ್ತ್ವಕ್ಕಾಗಿ ಆರಿಯೋಮೈಸಿನ್ ತಯಾರಿಕೆಯಲ್ಲಿ ಉಳಿದ ಚರಟವನ್ನು ಕೋಳಿಮರಿಗಳಿಗೆ ತಿನ್ನಿಸಿದರು. ಆ ಜೀವಸತ್ತ್ವವೊಂದರಿಂದ ಆಗಲಾರದಷ್ಟು ಬೆಳವಣಿಗೆ ಕಂಡುಬಂದಿತು. ೧೯೫೦ರ ವೇಳೆಗೆ ಸಂಗತಿ ಪ್ರಕಟವಾಯಿತು. ಪ್ರತಿಜೀವಕ ಔಷಧವನ್ನು ರೋಗವಿಲ್ಲದ ಕೋಳಿಗೂ ದಿನನಿತ್ಯ ಅಲ್ಪ ಪ್ರಮಾಣದಲ್ಲಿ ತಿನ್ನಿಸುವ ಪದ್ಧತಿ ಲೋಕದಲ್ಲೆಲ್ಲ ಹರಡಿತು.

ಇದಕ್ಕೆ ತೆರಬೇಕಾದ ಬೆಲೆ ತಡವಾಗಿ ತಿಳಿಯಿತು. ಅಲ್ಪ ಪ್ರಮಾಣದ ಔಷಧ ದುರ್ಬಲ ಬ್ಯಾಕ್ಟೀರಿಯಗಳನ್ನು ಕೊಂದು, ತಾಳಿಕೊಳ್ಳಬಲ್ಲವುಗಳಿಗೆ ಜಾಗ ತೆರವು ಮಾಡಿಕೊಡುವುದು. ತಾಳಿಕೆಯ ಗುಣವುಳ್ಳ ಜೀನುಗಳು ಒಂದು ಬ್ಯಾಕ್ಟೀರಿಯದಿಂದ ಮತ್ತೊಂದಕ್ಕೆ ದಾಟಿ ಮನುಷ್ಯನ ರೋಗಾಣುಗಳನ್ನೂ ಸೇರಬಲ್ಲುವು. ಬೇರಾವ ಔಷಧಕ್ಕೂ ಬಗ್ಗದ ಸೋಂಕಿಗೆ ವೈದ್ಯರು ಕಟ್ಟಕಡೆಯದಾಗಿ ಬಳಸುವ ಕೊಲಿಸ್ಟಿನ್ನಿಗೆ ತಾಳಿಕೆ ನೀಡುವ ಇಂಥ ಜೀನೊಂದು ಚೀನಾದಲ್ಲಿ ಪತ್ತೆಯಾದುದನ್ನು ೨೦೧೫ರಲ್ಲಿ ವರದಿ ಮಾಡಿದರು. ಸ್ವೀಡನ್ ೧೯೮೬ರಲ್ಲಿಯೇ ಬೆಳವಣಿಗೆಗಾಗಿ ಪ್ರತಿಜೀವಕಗಳನ್ನು ತಿನ್ನಿಸುವುದನ್ನು ನಿಷೇಧಿಸಿತ್ತು. ಐರೋಪ್ಯ ಒಕ್ಕೂಟ ೨೦೦೬ರಲ್ಲಿ ಅದನ್ನು ಪೂರ್ಣವಾಗಿ ನಿಲ್ಲಿಸಿತು. ಭಾರತ ಸರ್ಕಾರವು ೨೦೧೯ರ ಜುಲೈಯಲ್ಲಿ ಕೋಳಿ ಮತ್ತು ಇತರ ಆಹಾರಪ್ರಾಣಿಗಳಿಗೆ ಕೊಲಿಸ್ಟಿನ್ ಬಳಕೆಯನ್ನು ನಿಷೇಧಿಸಿತು.

ಬೇರೆ ಮಾರ್ಗಗಳು

ಔಷಧವಿಲ್ಲದೆ ಕರುಳನ್ನು ಕಾಪಾಡುವುದು ಹೇಗೆ? ೧೯೭೩ರಲ್ಲಿ ಫಿನ್ಲೆಂಡಿನ ನುರ್ಮಿ ಮತ್ತು ರಂಟಾಲ ಎಂಬವರು ಒಂದು ಸುಂದರವಾದ ಪ್ರಯೋಗವನ್ನು ಪ್ರಕಟಿಸಿದರು. ಬೆಳೆದ ಕೋಳಿಯ ಕರುಳಿನ ಬ್ಯಾಕ್ಟೀರಿಯಗಳನ್ನು ಆಗತಾನೆ ಹುಟ್ಟಿದ ಮರಿಗಳಿಗೆ ಕುಡಿಸಿದಾಗ, ಆ ಮರಿಗಳ ಕರುಳಿನಲ್ಲಿ ಸಾಲ್ಮೊನೆಲ್ಲ ರೋಗಾಣು ನೆಲೆಯೂರುವುದು ಬಹಳ ಮಟ್ಟಿಗೆ ತಪ್ಪಿತು. ಬಸ್ಸಿನಲ್ಲಿ ಸೀಟುಗಳೆಲ್ಲ ತುಂಬಿದ್ದರೆ ತಡವಾಗಿ ಬಂದವನಿಗೆ ಜಾಗವಿಲ್ಲ, ಅಷ್ಟೆ. ಇಂದು ಪ್ರೋಬಯಾಟಿಕ್ ಎಂದು ಮಾರಾಟವಾಗುವ ಉಪಕಾರಿ ಬ್ಯಾಕ್ಟೀರಿಯಗಳ ಹಿಂದೆಯೂ ಮುಖ್ಯವಾಗಿ ಈ ತತ್ತ್ವವೇ ಇದೆ. ಆ ಬ್ಯಾಕ್ಟೀರಿಯಗಳಿಗೆ ಆಹಾರವಾಗುವ ಸಕ್ಕರೆಗಳಿಗೆ ಪ್ರಿಬಯಾಟಿಕ್ ಎಂದು ಹೆಸರು.

ಸಾವಯವ ಆಮ್ಲಗಳ ಕ್ರಮ ಬೇರೆ. ಒಡೆಯದ ಆಮ್ಲದ ಅಣು ಬ್ಯಾಕ್ಟೀರಿಯದ ಪೊರೆಯನ್ನು ದಾಟಿ, ಒಳಗೆ ಒಡೆದು ಹೈಡ್ರೋಜನ್ ಅಯಾನನ್ನು ಬಿಡುವುದು. ಅದನ್ನು ಹೊರಹಾಕುವುದರಲ್ಲಿಯೇ ಬ್ಯಾಕ್ಟೀರಿಯದ ಶಕ್ತಿ ಸೋರಿಹೋಗುವುದು. ಬ್ಯೂಟಿರಿಕ್ ಆಮ್ಲವು ಇದರ ಜೊತೆಗೆ ಕರುಳಿನ ಗೋಡೆಯ ಕೋಶಗಳಿಗೆ ಆಹಾರವೂ ಆಗುವುದು. ಆದರೆ ಹಾಗೆಯೇ ತಿನ್ನಿಸಿದ ಆಮ್ಲ ಮೇಲ್ಭಾಗದಲ್ಲಿಯೇ ಮುಗಿದುಹೋಗುವುದರಿಂದ ಅದಕ್ಕೆ ಕೊಬ್ಬಿನ ಲೇಪ ಕೊಟ್ಟು ಕೆಳಗೆ ಸಾಗಿಸುವರು. ನಮ್ಮ ಅಡುಗೆಮನೆಯ ಓಮದಲ್ಲಿರುವ ಥೈಮಾಲ್ ಕೂಡ ಬ್ಯಾಕ್ಟೀರಿಯಗಳ ಪೊರೆಯನ್ನು ಕೆಡಿಸಬಲ್ಲುದು. ಆದರೆ ಇಂಥ ಸಸ್ಯಸಾರಗಳ ಫಲಿತಾಂಶ ಎಲ್ಲ ಕಡೆಯೂ ಒಂದೇ ಸಮನಾಗಿಲ್ಲ.

ಈ ದ್ರವ್ಯಗಳಲ್ಲಿ ಯಾವುದೂ ಒಂದೇ ಪ್ರತಿಜೀವಕದ ಸ್ಥಾನವನ್ನು ತುಂಬಲಾರದು. ನಿಷೇಧದ ಅನಂತರ ಸ್ವೀಡನ್ನಿನ ಸಾಕಣೆಗಾರರು ಆಹಾರದ ಪ್ರೋಟೀನನ್ನು ಹದಗೊಳಿಸಿ, ಕಿಣ್ವಗಳನ್ನು ಬೆರೆಸಿ, ಕೋಳಿಮನೆಯ ಶುಚಿತ್ವವನ್ನು ಹೆಚ್ಚಿಸಿಯೇ ಮುಂದುವರಿದರು. ಇಲ್ಲಿ ಲಾಭನಷ್ಟದ ಲೆಕ್ಕವೂ ಸಣ್ಣದಲ್ಲ. ಕರುಳು ಕೆಟ್ಟು ಕೋಳಿಯೊಂದು ೧೦೦ ಗ್ರಾಂ ಆಹಾರವನ್ನು ವ್ಯರ್ಥಮಾಡಿತೆಂದು ಇಟ್ಟುಕೊಂಡರೆ, ೫,೦೦೦ ಕೋಳಿಗಳ ಮನೆಯಲ್ಲಿ ೫೦೦ ಕಿಲೋಗ್ರಾಂ ಮಣ್ಣುಪಾಲಾಯಿತು. ಆ ನಷ್ಟವನ್ನು ಔಷಧದ ಚೀಲದಿಂದ ತುಂಬಿಕೊಳ್ಳಹೊರಟರೆ, ಮುಂದೆ ಆಸ್ಪತ್ರೆಯ ಹಾಸಿಗೆಯಲ್ಲಿರುವ ರೋಗಿಗೆ ಬೇಕಾಗುವ ಮದ್ದನ್ನು ನಾವು ಇಂದೇ ಕೋಳಿಗೆ ತಿನ್ನಿಸಿ ಮುಗಿಸಿದಂತಾಗುವುದು. ಒಣಗಿದ ಕಾಳು, ತುಸು ತರಿಯಾದ ನುಚ್ಚು, ಹದವಾಗಿ ಬೆಂದ ಹಿಂಡಿ, ಒಣ ಹಾಸು—ಮೊದಲನೆಯ ಪಂಕ್ತಿಯ ಊಟ ಚೆನ್ನಾಗಿ ನಡೆಯಲು ಬೇಕಾದುವು ಇವೇ. ಅದು ಚೆನ್ನಾಗಿ ನಡೆದರೆ ಎರಡನೆಯ ಪಂಕ್ತಿಯ ಚಿಂತೆ ಬಹುಪಾಲು ತಾನಾಗಿಯೇ ತೀರುವುದು.